ಎಲ್ಲಿ ಕಟ್ಟಾಗಿದೆ ವೈರು?

ನಂಬಿದರೆ ನಂಬಿ, ಬಿಟ್ಟರೆ ಬಿಡಿ! ಔರಾದಿನ ಒಂದು ಗಲ್ಲಿಯಲ್ಲಿ ಆರು ಮನೆಗಳ ನೆಟ್ ಹೋಗಿತ್ತು. ವೈರು ಎಲ್ಲಿ ಕಟ್ಟಾಗಿದೆ ಎಂದು ಒಂದೇ ಸೆಕೆಂಡಿನಲ್ಲಿ ತೋರಿಸಿದವಳು ನಮ್ಮ ವಿಶಾಖಾ. ಓದುವುದು ಐದನೆಯ ಕ್ಲಾಸು. ಕೈಯಲ್ಲಿ ಮಷಿನ್ ಇಲ್ಲ, ಏಣಿ ಇಲ್ಲ. ಬೆರಳೆತ್ತಿದಳು, ಕೇಸ್ ಖಲಾಸ್! ಹಿಂದೆ ಮ್ಯೂಸಿಕ್ ಒಂದು ಇರಲಿಲ್ಲ, ಅಷ್ಟೇ.

ಆಗ ಅವಳ ಅಪ್ಪ ಏಕನಾಥ ಮೂರನೆಯ ಕಂಬದ ಮೇಲಿದ್ದ. ಮನೆಮನೆಗೆ ಇಂಟರ್ನೆಟ್ ವೈರು ಎಳೆಯುವುದು, ಕಟ್ಟಾದರೆ ಜೋಡಿಸುವುದು ಅವನ ಕೆಲಸ. ಬೆಳಗ್ಗೆ ಆರಕ್ಕೇ ಸಂತಪುರಕ್ಕೆ ಹೋಗಿ, ಜೆಸಿಬಿ ಹರಿದುಹಾಕಿದ್ದ ವೈರನ್ನು ಜೋಡಿಸಿ ಬಂದಿದ್ದ. ಬುತ್ತಿ ಇನ್ನೂ ಗಾಡಿಯ ಹ್ಯಾಂಡಲಿಗೇ ನೇತಾಡುತ್ತಿತ್ತು.

"ಇಲ್ಲೂ ಛಲೋನೇ ಅದ," ಎಂದು ಅವನು ಇಳಿದ. ಇಳಿಯುವಾಗ ಎರಡು ಸಲ ನಿಂತು ಉಸಿರು ಬಿಟ್ಟ.

ಕೆಳಗೆ ಪಕ್ಕದ ಮನೆಯ ಮಹಮೂದಾ ಬೇಗಂ, ಗಾಳಿಪಟದ ಹುಚ್ಚಿನ ಮಗ ಅಜರನ ಕಿವಿ ಹಿಡಿದು ನಿಂತಿದ್ದಳು.

"ಇವ್ನ ಪತಂಗದ ಮಾಂಜಾ ದಾರಾನೇ ವೈರ್ ಕಟ್ ಮಾಡ್ಯಾದ್ರಿ, ಏಕನಾಥ ಭಾಯಿ. ಗಲ್ಲಿ ಮಂದಿ ಎಲ್ಲಾ ಅದೇ ಹೇಳ್ಲತಾರ."

"ಅಮ್ಮೀ, ಕಸಮ್! ಇವತ್ತ ಪತಂಗ ಮುಟ್ಟೇ ಇಲ್ಲ!"

"ಚುಪ್! ಇವತ್ತ ಎಲ್ಲಾ ಪತಂಗ ನೀರು ಕಾಸೋ ಒಲಿಗಿ ಹಾಕಿ ಸುಡ್ತೇನಿ."

ಅಜರನ ಕಣ್ಣು ತುಂಬಿದವು. "ವಿಶಾಖಾ, ನೀ ಹೇಳ. ನಾ ಮುಂಜಾನಿಂದ ನಿನ್ ಜೋಡಿನೇ ಗೋಲಿ ಆಡ್ಲತಿದ್ದೆ, ಹೌದಿಲ್ಲ?"

ಮಾತಿಗೊಂದು ಡೈಲಾಗ್ ಹೊಡೆಯುವ ವಿಶಾಖಾ ತನ್ನ ಚಪ್ಪಲಿ ನೋಡಿದಳು.

"ಪಾಪ, ಸುಮ್ಕ ಅವನಿಗಿ ಬೈಬ್ಯಾಡ್ರಿ. ಇನ್ನೊಂದ್ ಕಂಬ ನೋಡ್ತೇನಿ," ಎಂದು ಏಕನಾಥ ಏಣಿಯನ್ನು ಹೆಗಲಿಗೇರಿಸಿದ. ನಾಲ್ಕು ಹೆಜ್ಜೆ ನಡೆದು ಮತ್ತೆ ಕೆಳಗಿಳಿಸಿದ. ಅದಕ್ಕೇ ಒರಗಿ ಕಣ್ಣು ಮುಚ್ಚಿದ.

"ಅಪ್ಪಾ," ವಿಶಾಖಾಳ ದನಿ ಸಣ್ಣಗಾಗಿತ್ತು. "ಕಂಬದಾಗ ಇಲ್ಲ. ಅಲ್ಲಿ ಅದ." ಅವಳ ಬೆರಳು ತಮ್ಮದೇ ಮಾಳಿಗೆಯ ಕಡೆ ಇತ್ತು.

ಗಲ್ಲಿಯ ವೈರು ಅವರ ಮಾಳಿಗೆಯ ಮೇಲಿಂದಲೇ ಹಾದುಹೋಗುತ್ತಿತ್ತು. ಗೋಡೆಯ ಅಂಚಿಗೆ ಅದು ಒತ್ತಿ ಬಾಗಿತ್ತು. ಮಾಳಿಗೆ ಹತ್ತಿ ಬಂದ ಏಕನಾಥ ಅದನ್ನು ಅಲ್ಲೇ ಕತ್ತರಿಸಿ ಸುಲಿದ. ಒಳಗೆ ಕೂದಲಿಗಿಂತ ಸಣ್ಣ ಎಳೆ.

"ಇದು ಗಾಜು. ಇದರಾಗ ಬೆಳಕ ಓಡ್ತದ. ಮುರದ್ರ ನೆಟ್ ಬಂದ್."

"ವೈಫೈ ಅಂದ್ರ ಗಾಳ್ಯಾಗ ಬರ್ತದಂತ ತಿಳದಿದ್ದೆ. ಈ ವೈರ್ ಸುಮ್ನೆ ಅದ ಅಂತ..."

"ಮನ್ಯಾಗಿನ ಡಬ್ಬಿಯಿಂದ ಫೋನಿನ ತನ ಗಾಳಿ. ಡಬ್ಬಿ ತನ ಈ ವೈರೇ ಬರ್ಬೇಕು, ನನ್ನವ್ವಾ."

ಅವನು ಎಳೆಯನ್ನು ವೈರು ಬೆಸೆಯುವ ಮಷಿನಿಗೆ ಕೂಡಿಸಲು ಹೋದ, ಬೆರಳು ಎರಡು ಸಲ ತಪ್ಪಿದವು. ವಿಶಾಖಾ ಬಿಸಿಲಿಗೆ ಅಡ್ಡವಾಗಿ, ತನ್ನ ನೆರಳು ಅವನ ಮೇಲೆ ಬೀಳುವ ಹಾಗೆ ಸರಿದು ನಿಂತಳು.

ಈಗ ಖರೆ ಹೇಳಿಬಿಡುತ್ತೇನೆ. ಒಂದು ಸೆಕೆಂಡ್ ಎಂದೆನಲ್ಲ, ಅದು ಸುಳ್ಳು. ಬೆಳಗ್ಗೆ ಅಜ್ಜಿಯ ಒದ್ದೆ, ಭಾರದ ಕೌದಿಯನ್ನು ಬಟ್ಟೆ ಒಣಗಿಸುವ ಹಗ್ಗದ ತನಕ ಹೊರಲಾರದೆ, ಆ ವೈರಿನ ಮೇಲೆ ಎಸೆದವಳು ವಿಶಾಖಾಳೇ. ನೆಟ್ ಹೋಯಿತೆಂದು ಕೇಳಿ, ಓಡಿಬಂದು ತೆಗೆದವಳೂ ಅವಳೇ. ಅಪ್ಪ ಮೊದಲ ಕಂಬ ಹತ್ತುವಾಗ ಅವಳಿಗೆ ಗೊತ್ತಿತ್ತು. ಎರಡನೆಯದು ಹತ್ತುವಾಗಲೂ, ಮೂರನೆಯದು ಹತ್ತುವಾಗಲೂ.

"ಅಪ್ಪಾ, ಅಜರನ ಮನಿಗಿ ಹೋಗಿ ಬರ್ತೇನಿ," ಎಂದು ಅವಳು ಮೆಟ್ಟಿಲ ಕಡೆ ಓಡಿದಳು. ಕೆಳಗೆ ಮಹಮೂದಾ ಬೇಗಂ ಒಲೆ ಹೊತ್ತಿಸುವ ಮೊದಲು ತಲುಪಬೇಕಿತ್ತು.