ಇಪ್ಪತ್ತೆರಡನೆಯ ಕಂಪ್ಯೂಟರು

ಬೆಳಗ್ಗೆ ಕಾರ್ಖಾನೆಯ ಕಚೇರಿ ತೆರೆದಾಗ ಇಪ್ಪತ್ತೆರಡು ಕಂಪ್ಯೂಟರುಗಳೂ ಒಂದೇ ಮುಖ ಹೊತ್ತು ಕೂತಿದ್ದವು. ಹೊಚ್ಚಹೊಸ ಖಾಲಿ ಪರದೆ. ಹಳೆಯ ಕಡತ ಒಂದೂ ಇಲ್ಲ!

“ನಿನ್ನ ಆಟೊಮ್ಯಾಟಿಕ್ ವ್ಯವಸ್ಥೆ ಎಲ್ಲಾ ನುಂಗಿ ನೀರು ಕುಡೀತಲ್ಲಮ್ಮಾ!” ಮ್ಯಾನೇಜರ್ ಕೂಗಾಡಿದರು.

ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಅವಳನ್ನು ಕಚೇರಿಯವರು ಬೆನ್ನ ಹಿಂದೆ ಮೆಣಸಿನಕಾಯಿ ಎನ್ನುತ್ತಿದ್ದರು. ಇವತ್ತು ಯಾರಿಗೂ ಹಾಗನ್ನುವ ಧೈರ್ಯವಿರಲಿಲ್ಲ. ಮೂರು ದಿನದ ಹಿಂದೆ ಇಲ್ಲಿಯ ಬಾಯ್ಲರ್ ಸಿಡಿದು, ಅಲ್ಲೇ ಕೆಲಸಕ್ಕಿದ್ದ ಅವಳ ಭಾವ ಮೈಯೆಲ್ಲ ಬೆಂದು ಮಲಗಿದ್ದರು. ಆಸ್ಪತ್ರೆಯಿಂದ ನೇರ ಬಂದಿದ್ದಳು.

ಒಂದು ಆಜ್ಞೆ ಕೊಟ್ಟರೆ ಸಾಕು, ಕೇಬಲ್ಲಿನ ಮೂಲಕ ಎಲ್ಲ ಕಂಪ್ಯೂಟರುಗಳಲ್ಲೂ ಹಳೆಯದೆಲ್ಲ ಅಳಿಸಿಹೋಗಿ ಹೊಸ ಆಪರೇಟಿಂಗ್ ಸಿಸ್ಟಮ್ ತಾನಾಗಿಯೇ ಕೂತುಬಿಡುವ ಏರ್ಪಾಡು ಅವಳದೇ. ಆದರೆ ಅವಳ ಪಟ್ಟಿಯಲ್ಲಿದ್ದದ್ದು ಮೂರೇ ಕಂಪ್ಯೂಟರು. ಬೆಳಗ್ಗೆ ಏಳು ಹತ್ತಕ್ಕೆ ಯಾರೋ ಅದನ್ನು ‘ಎಲ್ಲವೂ’ ಎಂದು ತಿದ್ದಿದ್ದರು. ರಜೆ ಹಾಕುವಾಗ ಅವಳು ಪಾಸ್‌ವರ್ಡ್ ಕೊಟ್ಟಿದ್ದು ಇಬ್ಬರಿಗೆ ಮಾತ್ರ — ಮ್ಯಾನೇಜರಿಗೆ, ಸುರಕ್ಷತಾ ಅಧಿಕಾರಿಗೆ.

ಬಾಯ್ಲರ್ ತನಿಖೆಗೆ ಬಂದಿದ್ದ ಇನ್‌ಸ್ಪೆಕ್ಟರ್ ಹುಬ್ಬು ಗಂಟಿಕ್ಕಿದರು. “ದೂರಿನ ಕಡತ ನೋಡೋಕೆ ಇವತ್ತು ಬರ್ತೀನಿ ಅಂದಿದ್ದೆ. ಇವತ್ತೇ ಹೋಯ್ತಾ?”

“ನಾಲ್ಕು ಸಲ ಎಚ್ಚರಿಕೆ ಬರೆದಿದ್ದೆ ಸಾರ್!” ಸುರಕ್ಷತಾ ಅಧಿಕಾರಿ ಮುಂದೆ ಬಂದರು. “ಮ್ಯಾನೇಜರೇ ಸುಮ್ಮನಿರಿ ಅಂದ್ರು. ಒಂಬತ್ತಕ್ಕೆ ಬಂದು ನೋಡ್ತೀನಿ — ನನ್ನ ಕಂಪ್ಯೂಟರೂ ಖಾಲಿ!”

“ಶುದ್ಧ ಸುಳ್ಳು!” ಮ್ಯಾನೇಜರ್ ಮೇಜು ಗುದ್ದಿದರು.

ಅವರ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಅವಳಿಗೆ. ಎರಡು ಹೆಜ್ಜೆ ಇಟ್ಟೂ ಬಿಟ್ಟಳು. ಫಕ್ಕನೆ ನಿಂತಳು. ನಂತರ ಸುರಕ್ಷತಾ ಅಧಿಕಾರಿಯ ಕೋಣೆಗೆ ನುಗ್ಗಿ, ಮೇಜಿನಡಿ ಬಗ್ಗಿ ನೋಡಿದಳು. ಎಲ್ಲರೂ ಹಿಂದೆಯೇ ಬಂದರು.

“ಈ ಕೋಣೆ ಕೀ ಯಾರ ಹತ್ರ ಇದೆ?”

“ಒಂದೇ ಕೀ. ನನ್ನ ಜೇಬಲ್ಲೇ ಇರುತ್ತೆ.” ಸುರಕ್ಷತಾ ಅಧಿಕಾರಿ ಜೇಬು ತಟ್ಟಿದರು.

“ರಾತ್ರಿ ಬೀಗ ಹಾಕಿದ್ದು?”

“ನಾನೇ.”

“ಬೆಳಗ್ಗೆ ತೆಗೆದದ್ದು?”

“ನಾನೇ ಅಮ್ಮಾ! ಯಾಕೆ?”

“ಈ ಕಂಪ್ಯೂಟರಿನ ಕೇಬಲ್ ಇಲಿ ಕಡಿದು ತಿಂಗಳಾಯ್ತು. ವೈಫೈ ಮೇಲೆ ಓಡ್ತಿತ್ತು. ವೈಫೈಯಲ್ಲಿ ನನ್ನ ವ್ಯವಸ್ಥೆ ನಡಿಯಲ್ಲ ಅಂತ ನಿಮಗೇ ಹೇಳಿದ್ದೆ. ಯಾರು ಏನೇ ಆಜ್ಞೆ ಕೊಟ್ಟಿದ್ರೂ ಇಪ್ಪತ್ತೊಂದು ಹೋಗಿ ಇದೊಂದು ಉಳೀಬೇಕಿತ್ತು. ಎಲ್ಲಾ ಹೋಯ್ತು ಅಂತ ಬಾಯಿ ಬಡ್ಕೊಂಡ್ವೇ ಹೊರತು, ಇದು ಹ್ಯಾಗೆ ಹೋಯ್ತು ಅಂತ ಒಬ್ರೂ ಕೇಳಲಿಲ್ಲ!”

ಅವಳು ಬೆರಳು ತೋರಿಸಿದಳು. ಮೂಲೆಯ ಪ್ರಿಂಟರಿನಿಂದ ಕಳಚಿದ ಕೇಬಲ್ ಈ ಕಂಪ್ಯೂಟರಿನ ಬೆನ್ನಿಗೆ ಚುಚ್ಚಿಕೊಂಡಿತ್ತು.

“ಅಳಿಸಬೇಕಿದ್ದದ್ದು ದೂರಿನ ಕಡತ ಇದ್ದ ಇದೊಂದನ್ನೇ. ಉಳಿದವು ಕಣ್ಣಿಗೆ ಮಣ್ಣೆರಚೋಕೆ. ಬೀಗ ಹಾಕಿದ ಕೋಣೇಲಿ ಕೇಬಲ್ ಬದಲಾಯಿಸಿದ್ದು ಯಾರು ಸಾರ್? ಎಚ್ಚರಿಕೆ ಬರೆದವರು ಅದನ್ನ ತಾವೇ ಅಳಿಸ್ತಾರಾ?”

ಸುರಕ್ಷತಾ ಅಧಿಕಾರಿ ಕುರ್ಚಿಯ ಮೇಲೆ ಕುಸಿದರು.

“ಬಾಯ್ಲರ್ ಸೋರ್ತಿದೆ ಅಂತ ನಮ್ಮ ಭಾವ ನಿಮಗೆ ಎಷ್ಟು ಸಲ ಬರೆದಿದ್ರು?”

“ಐದು.”

“ಏನು ಉತ್ತರ ಕೊಟ್ರಿ?”

ಅವರು ಜೇಬಿನ ಕೀ ತಡವಿದರು.

“ಏನು ಉತ್ತರ ಕೊಟ್ರಿ ಅಂದೆ!”

“ಒಂದನ್ನೂ... ತೆರೆದು ನೋಡಿರಲಿಲ್ಲಮ್ಮಾ.”

ಅವಳ ಕೈ ಎದ್ದಿತು. ಹಲ್ಲು ಕಚ್ಚಿ ಇಳಿಸಿ, ಇನ್‌ಸ್ಪೆಕ್ಟರ್ ಕಡೆಗೆ ತಿರುಗಿದಳು.

“ಬರ್ಕೊಳ್ಳಿ ಸಾರ್. ಅವರು ಹೇಳಿದ ಹಾಗೇ. ಒಂದಕ್ಷರ ಬಿಡಬೇಡಿ.”