ಎಡಕ್ಕೆ ಎರಡು ಗೀಟು

ಇನ್‌ಸ್ಪೆಕ್ಟರ್ ಗುವಾನ್ ಸ್ಟೂಲು ಹತ್ತಿ ಠಾಣೆಯ ಒಲೆಯ ಹೊಗೆಕೊಳವೆ ಕಳಚುತ್ತಿದ್ದಳು. ಮಸಿಯೆಲ್ಲ ಕೆಳಗೆ ಬಕೆಟ್ಟು ಹಿಡಿದಿದ್ದ ಕಾನ್‌ಸ್ಟೇಬಲ್ ಪಿಯಾವ್‌ನ ತಲೆಗೆ ಸುರಿಯಿತು.

“ಈಗ ಹೆಣ್ಣು ಕೊಡ್ತಾರೆ ನೋಡು ನಿಂಗೆ,” ಎಂದಳು.

ಬಾಗಿಲಲ್ಲಿ ಮುದುಕ ತೋಂಗ್ ನಿಂತಿದ್ದ. ನಗಲಿಲ್ಲ. ಅಂಗೈಯಲ್ಲಿ ಮಾಸಿದ ಕೆಂಪು ದಾರವಿತ್ತು.

“ನಮ್ಮ ಜಿನ್ಸೆಂಗ್ ಕದ್ದುಬಿಟ್ರು, ತಾಯಿ.”

1986ರ ಸೆಪ್ಟೆಂಬರ್ 9ರಂದು ದೂರು ದಾಖಲಾಯಿತು. ಬಹಳ ಹಿಂದೆ ತೋಂಗ್ ಮತ್ತು ಅವನ ಜೊತೆಗಾರ ಶಿಂಗ್ ಬೆಟ್ಟದಲ್ಲಿ ಕಂಡ, ಚಿನ್ನದ ಬೆಲೆಯ ಔಷಧಿ ಬೇರಿನ ಗಿಡ ಅದು. ಬೇರು ನೆಲದೊಳಗೇ ಓಡಿಹೋಗುತ್ತದೆಂಬ ನಂಬಿಕೆಯಿಂದ ಆ ಕೆಂಪು ದಾರ ಕಟ್ಟಿ, ಬಲಿಯಲೆಂದು ಬಿಟ್ಟುಬಂದಿದ್ದರು.

“ಯಾರ ಮೇಲೆ ಅನುಮಾನ, ಅಜ್ಜ?”

“ಪೇಟೆ ವ್ಯಾಪಾರಿ ಮೇಲೆ. ಹೋದ ತಿಂಗಳು ನಾನೇ ಜಾಗ ತೋರಿಸಿದ್ದೆ.”

“ತೋರಿಸಿದ್ದು ಶಿಂಗ್‌ಗೆ ಗೊತ್ತಾ?”

“ಅವನ ಸುದ್ದಿ ಬೇಡ. ಕಾಡಲ್ಲಿ ಒಂದೇ ಹೊದಿಕೇಲಿ ಮಲಗಿದವರು ನಾವು.”

ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ.

ವ್ಯಾಪಾರಿಯನ್ನು ವಿಚಾರಿಸಿದರು. ಕಾಲು ಮುರಿದುಕೊಂಡು ಗಿಡ ಕಳುವಾದ ವಾರವೆಲ್ಲ ಆಸ್ಪತ್ರೆಯಲ್ಲಿದ್ದ. ಮರುದಿನ ತೋಂಗ್‌ನನ್ನು ಕರೆದುಕೊಂಡು ಬೆಟ್ಟ ಹತ್ತಿ ಪಂಚನಾಮೆ ಮಾಡಿದರು. ಗುಂಡಿಗೆ ಕಬ್ಬಿಣ ತಾಗಿರಲಿಲ್ಲ. ಕಸುಬು ಬಲ್ಲವರ ಹಾಗೆ ಜಿಂಕೆಯ ಮೂಳೆಯಿಂದ ಎಳೆ ಎಳೆಯಾಗಿ ಮಣ್ಣು ಬಿಡಿಸಿದ್ದರು. ಗಿಡದ ಕೆಂಪು ಹಣ್ಣುಗಳನ್ನು ಅಲ್ಲೇ ಮತ್ತೆ ಹೂತಿದ್ದರು.

“ಕಳ್ಳ ಬಿತ್ತನೆ ಮಾಡಿ ಹೋಗಿದ್ದಾನಲ್ಲ ಮೇಡಂ!”

ಗುವಾನ್ ಪಕ್ಕದ ಪೈನ್ ಮರ ನೋಡುತ್ತಿದ್ದಳು. ತೊಗಟೆ ಸುಲಿದ ಜಾಗದಲ್ಲಿ ಚಾಕುವಿನ ಗೀಟುಗಳು. ಅಂಟು ಇನ್ನೂ ಹಸಿ. ಬೇರು ಅಗೆದವರು ಗುರುತು ಹಾಕದೆ ಬೆಟ್ಟ ಇಳಿಯುವುದಿಲ್ಲ. ಬಲಕ್ಕೆ ಗಿಡದ ಎಲೆಗಳ ಲೆಕ್ಕ, ಎಡಕ್ಕೆ ಅಗೆದ ಜನರ ಲೆಕ್ಕ. ಬಲಕ್ಕೆ ಆರು ಗೀಟು. ಎಡಕ್ಕೆ ಎರಡು.

“ಇಬ್ಬರು ಬಂದಿದ್ರು ಹಾಗಾದ್ರೆ,” ಎಂದ ಪಿಯಾವ್.

ತೋಂಗ್ ಗೀಟುಗಳನ್ನು ಬೆರಳಲ್ಲಿ ಸವರಿದ.

“ಬಂದಿದ್ದು ಶಿಂಗ್ ಒಬ್ಬನೇ,” ಎಂದ. “ಇನ್ನೊಂದು ಗೀಟು ನಂದು.”

ಸಂಜೆ ಶಿಂಗ್ ಜೋಳದ ಗಂಜಿ ಕುಡಿಯುತ್ತಿದ್ದಾಗ ಪೊಲೀಸರು ಹೋದರು. ಅವನು ಏಳಲಿಲ್ಲ, ಸುಳ್ಳೂ ಹೇಳಲಿಲ್ಲ. ಹಾಸಿಗೆಯ ಅಡಿಯಿಂದ ಪಾಚಿಯಲ್ಲಿ ಸುತ್ತಿದ ಬೇರನ್ನು ತಾನೇ ತೆಗೆದುಕೊಟ್ಟ. ಒಂದು ಎಳೆಯೂ ತುಂಡಾಗಿರಲಿಲ್ಲ.

“ಮಾರ್ಲಿಲ್ಲ ಯಾಕೆ?”

“ಮಾರೋಕೆ ತೆಗೆದಿದ್ದಲ್ಲ. ಗಿಡ ಮೊದಲು ಕಂಡಿದ್ದು ನನ್ನ ಕಣ್ಣಿಗೆ. ಅವನು ಯಾವನನ್ನೋ ಕರ್ಕೊಂಡು ಹೋಗಿ ತೋರಿಸಿದ. ನನ್ನನ್ನ ಒಂದು ಮಾತು ಕೇಳ್ಲಿಲ್ಲ.”

“ಮತ್ತೆ ಮರದ ಮೇಲೆ ಎರಡು ಗೀಟು?”

ಶಿಂಗ್ ತನ್ನ ಬಲಗೈಯನ್ನೇ ನೋಡಿಕೊಂಡ.

“ಎರಡು ಹಾಕಿದ್ನಾ?”

ಅವನನ್ನು ಬಂಧಿಸಿ ತಂದರು. ಮರುದಿನ ಹೇಳಿಕೆಗೆ ಬಂದ ತೋಂಗ್, ಹತ್ತಿಯಂಗಿಯ ಒಳಗಿನಿಂದ ಮುದುಡಿದ ಲಕೋಟೆಯೊಂದನ್ನು ತೆಗೆದ.

“ಹಿಮ ಕರಗಿದಾಗಲೇ ಶಿಂಗ್‌ಗೆ ಬರೆದಿದ್ದೆ ತಾಯಿ, ವ್ಯಾಪಾರಿಗೆ ತೋರಿಸ್ಲಾ ಅಂತ. ಬೇಡ ಅಂತಾನೆ ಅಂತ ಗೊತ್ತಿತ್ತು. ಅದಕ್ಕೇ ಡಬ್ಬಿಗೆ ಹಾಕ್ಲಿಲ್ಲ.”

“ಈ ಗೋಡೆ ಆಚೇನೇ ಇದ್ದಾನೆ. ಕೈಗೇ ಕೊಡಿ.”

“ಯಾವ ಮುಖ ಇಟ್ಕೊಂಡು ಕೊಡ್ಲಿ?”

ಪಿಯಾವ್‌ನ ಪೆನ್ನು ಕೇಳಿ, ಲಕೋಟೆಯ ಮೇಲೆ ಶಿಂಗ್‌ನ ಊರಿನ ಹೆಸರು ಹೊಡೆದುಹಾಕಿ, ಠಾಣೆಯ ವಿಳಾಸ ಬರೆದ. ರಸ್ತೆ ದಾಟಿದ. ಹಸಿರು ಅಂಚೆಡಬ್ಬಿಯ ಬಾಯಲ್ಲಿ ಲಕೋಟೆಯನ್ನು ಹಿಡಿದುಕೊಂಡೇ ಬಹಳ ಹೊತ್ತು ನಿಂತಿದ್ದವನು, ಕೊನೆಗೆ ಬೆರಳು ಬಿಟ್ಟಿದ್ದನ್ನು ಗುವಾನ್ ಕಿಟಕಿಯಿಂದ ಕಂಡಳು.