ಬೈರಾಸಿನ ಕೇಸರಿ ಕಲೆ

೧೯೮೩, ಮಾರ್ಚ್ ೧೪. ಬೆಳಿಗ್ಗೆ ಒಂಬತ್ತೂವರೆಗೆ ಮದರಾಸಿನ ಕೀಲ್ಪಾಕ್ ಠಾಣೆಗೆ ಬಂದ ಕಾಂತಪ್ಪ ಹೆಗಲ ಬೈರಾಸಿನಿಂದ ಕಣ್ಣೊರೆಸಿಕೊಳ್ಳುತ್ತಲೇ ದೂರು ಕೊಟ್ಟ. ಉಡುಪಿ ಹೋಟೆಲೊಂದರ ಅಡುಗೆಯವನು. ಅಲ್ಲೇ ದೋಸೆ ಹಾಕುತ್ತಿದ್ದ ಅವನ ತಮ್ಮ ಚಂದು ಹಿಂದಿನ ಸಂಜೆ ತೀರಿಕೊಂಡಿದ್ದ.

“ಅವನ ಹೆಂಡತಿಯೇ ಕೊಂದದ್ದು ಸಾರ್. ಕಿಡ್ನಿಯ ಮಾತ್ರೆ ತಿಂದು ಮೈಬಾವು ಇಳಿದಿತ್ತು. ಪುನಃ ಊದಿದ್ದು ಹೇಗೆ? ಅವಳು ಮಾತ್ರೆ ಕೊಡಲೇ ಇಲ್ಲ.”

ಇನ್‌ಸ್ಪೆಕ್ಟರ್ ವಿಶ್ವನಾಥನಿಗೆ ಯಾರನ್ನೂ ನಂಬಿ ಅಭ್ಯಾಸವಿಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ವಿಚಾರಣೆ ನಡೆಸುವ ಆಸಾಮಿ. ಎಫ್‌ಐಆರ್ ಬರೆಸಿ, ಶವವನ್ನು ಮರಣೋತ್ತರ ಪರೀಕ್ಷೆಗೆ ಕಳಿಸಿ, ಚಂದುವಿನ ಬಾಡಿಗೆ ಕೋಣೆಗೆ ಹೋದ. ಚಂದುವಿನ ಹೆಂಡತಿ ಜಲಜಾಕ್ಷಿ ಮಗುವನ್ನು ಅವಚಿಕೊಂಡು ಮೂಲೆಯಲ್ಲಿ ನಿಂತಿದ್ದಳು.

“ಮಾತ್ರೆ ಕೊಡ್ತಿದ್ದೋರು ಯಾರಮ್ಮ?”

“ನಾನೇ. ಒಂದು ದಿನವೂ ತಪ್ಪಿಸಲಿಲ್ಲ.”

“ಜಗಳ ಆಗ್ತಿತ್ತಾ?”

“ಆಗ್ತಿತ್ತು.” ಅವಳು ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. “ನನ್ನನ್ನು ಒಳಗೆ ಹಾಕಿದ್ರೆ ಈ ಮಗುವನ್ನು ಯಾರು ನೋಡುದು ಸಾರ್?”

ಜಗಳವನ್ನು ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದೇ ವಿಶ್ವನಾಥನಿಗೆ ಅನುಮಾನವಾಯಿತು. ಪಂಚನಾಮೆಯಲ್ಲಿ ಮಾತ್ರೆಗಳ ಜೊತೆಗೆ ಕೇಸರಿ ಕಲೆಗಟ್ಟಿದ ತಲೆದಿಂಬಿನ ಬಟ್ಟೆಯೂ ಸೇರಿತು.

“ಇದೇನು ಬಣ್ಣ?”

“ಅವರ ಬೆವರು. ಮೂತ್ರವೂ ಹಾಗೇ ಇತ್ತು. ಡಾಕ್ಟರಿಗೆ ಹೇಳ್ತೇನೆ ಅಂದ್ರೆ ಹೊಡೆಯಲಿಕ್ಕೇ ಬರ್ತಿದ್ರು. ಜಗಳ ಅದಕ್ಕೇ.”

ವಿಷವೇ ಇರಬೇಕೆಂದು ವಿಶ್ವನಾಥ ಆ ಬಟ್ಟೆಯನ್ನೂ ಮಾತ್ರೆಗಳನ್ನೂ ಸರ್ಕಾರಿ ಆಸ್ಪತ್ರೆಗೆ ಒಯ್ದ. ಅಲ್ಲಿ ಚಂದುವಿಗೆ ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರ್ ಸುಗುಣಾ ಅವರ ಮನೆಮಾತೂ ಕನ್ನಡವೇ.

“ವಿಷ ಅಲ್ಲ ಇನ್‌ಸ್ಪೆಕ್ಟರೇ. ಕಿಡ್ನಿಗೆ ಕೊಟ್ಟ ಸ್ಟೀರಾಯ್ಡ್ ಮಾತ್ರೇನೂ ಅಸಲೀನೇ. ಶವದ ಶ್ವಾಸಕೋಶದಲ್ಲಿ ಕ್ಷಯ ಸಿಕ್ಕಿದೆ. ಅದಕ್ಕೆ ಯಾರೋ ರಿಫಾಂಪಿಸಿನ್ ಕೊಟ್ಟಿದ್ದಾರೆ. ಅದು ಸ್ಟೀರಾಯ್ಡನ್ನ ಮೈಯಲ್ಲಿ ನಿಲ್ಲೋಕೇ ಬಿಡಲ್ಲ, ಅದಕ್ಕೇ ಮತ್ತೆ ಮೈ ಊದಿದ್ದು. ನಮಗೆ ಹೇಳಿದ್ದಿದ್ರೆ ಸ್ಟೀರಾಯ್ಡ್ ಡೋಸ್ ಜಾಸ್ತಿ ಮಾಡ್ತಿದ್ವಿ.”

“ಈ ಕಲೆ?”

“ಅದೇ ಔಷಧೀದು. ಬೆವರು, ಮೂತ್ರ, ಕಣ್ಣೀರು, ಎಲ್ಲಾ ಇದೇ ಬಣ್ಣ.”

ಕಣ್ಣೀರು ಎಂದಾಕ್ಷಣ ವಿಶ್ವನಾಥ ಎದ್ದ.

ಹೋಟೆಲಿನ ಹಿಂದೆ ಕಾಂತಪ್ಪ ತೆಂಗಿನಕಾಯಿ ತುರಿಯುತ್ತಿದ್ದ. “ಬೈರಾಸು ಕೊಡು” ಎಂದ ವಿಶ್ವನಾಥ. ಕಣ್ಣೊರೆಸಿದ ಅಂಚು ಕೇಸರಿಯಾಗಿತ್ತು.

“ನಿನಗೂ ಕ್ಷಯವೇ?”

ಕಾಂತಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಅಡುಗೆಯವನಿಗೆ ಈ ಕಾಯಿಲೆ ಅಂದ್ರೆ ಯಾವ ಹೋಟೆಲಿನವರೂ ಒಳಗೆ ಸೇರಿಸುದಿಲ್ಲ ಸಾರ್. ನಾನು ಗುಟ್ಟಲ್ಲಿ ಮದ್ದು ತರ್ತಿದ್ದೆ. ಚಂದುವಿಗೂ ಕೆಮ್ಮು ಹಿಡೀತು, ನನ್ನಿಂದಲೇ. ನನ್ನ ಕ್ಯಾಪ್ಸೂಲನ್ನೇ ಹಂಚಿಕೊಂಡೆವು. ಹೆಂಡತಿಗೂ ಡಾಕ್ಟರಿಗೂ ಹೇಳ್ಬೇಡ ಅಂತ ನಾನೇ ಆಣೆ ಹಾಕಿಸಿದ್ದು. ಕೆಮ್ಮು ನಿಂತಿತ್ತಲ್ಲ. ಮತ್ತೆ ಮೈ ಊದಿದಾಗ ಅವಳದ್ದೇ ಕೆಲಸ ಅಂದ್ಕೊಂಡೆ.”

ವಿಶ್ವನಾಥ ಡಾಕ್ಟರು ಹೇಳಿದ್ದನ್ನು ಹೇಳಿದ. ಕಾಂತಪ್ಪ ತುರಿಮಣೆಯ ಮೇಲೆ ಕುಳಿತಲ್ಲೇ ಕುಸಿದ. ಅವನನ್ನು ಕಂಡು ವಿಶ್ವನಾಥನಿಗೆ ಸಿಟ್ಟೂ ಬಂತು, ಮರುಕವೂ ಬಂತು.

ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದನೆಂದು ಮಾರ್ಚ್ ೧೬ರ ಸಂಜೆ ನಾಲ್ಕಕ್ಕೆ ಬಂಧನ. ಮೊದಲು ಆಸ್ಪತ್ರೆ, ಆಮೇಲೆ ಲಾಕಪ್ ಎಂದ ವಿಶ್ವನಾಥ. ಜೀಪು ಹತ್ತುವಾಗ ಕಾಂತಪ್ಪ ಅವನ ಕೈ ಹಿಡಿದುಕೊಂಡ.

“ಸಾರ್, ಧಣಿಗಳ ಹತ್ರ ತಮ್ಮನನ್ನು ಕೊಂದವ ಅಂತ ಹೇಳಿ. ಕ್ಷಯ ಅಂತ ಮಾತ್ರ ಹೇಳ್ಬೇಡಿ. ಚಂದುವಿನ ಹೆಂಡತಿಗೆ ಅಕ್ಕಿ ಆರಿಸುವ ಕೆಲಸವಾದ್ರೂ ಇಲ್ಲಿ ಸಿಗ್ಲಿ.”

ಗಲ್ಲಾದಲ್ಲಿದ್ದ ಧಣಿ ಹೊರಗೆ ಬಂದರು. “ಎಂತ ಸಾರ್, ಎಂತ ವಿಷಯ?”

“ಮನೆ ಜಗಳ” ಎಂದು ವಿಶ್ವನಾಥ ಜೀಪು ಹತ್ತಿದ.